ಗಡಿಯಾರ ತೊಳೆಯುವ ಸೀಸೆ

ನಮ್ಮ ಮಾವ ಗಡಿಯಾರ ರಿಪೇರಿಯವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಚಕ್ರ ತೊಳೆಯುವ ಪೆಟ್ರೋಲು ಒಂದು ಸೀಸೆಯಲ್ಲಿ, ಬೆಲ್ಟು ಒರೆಸುವ ಸೋಪಿನ ನೀರು ಇನ್ನೊಂದರಲ್ಲಿ. ಎರಡೂ ಕೆಮ್ಮಿನ ಔಷಧಿಯ ಹಳೆಯ ಸೀಸೆಗಳೇ. ಅವುಗಳ ಅಳತೆಯ ಮುಚ್ಚಳದಲ್ಲಿ ಪುಟ್ಟ ಚಕ್ರಗಳು ಹೇಳಿ ಮಾಡಿಸಿದಂತೆ ಮುಳುಗುತ್ತವಂತೆ. ಬೇಡ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. "ಮೂವತ್ತು ವರ್ಷದಲ್ಲಿ ಯಾರಿಗೇನಾಗಿದೆ?" ಎನ್ನುವರು. ಹಟದಲ್ಲಿ ಅವರನ್ನು ಮೀರಿಸುವವಳು ಮನೆಯಲ್ಲಿ ನಾನೊಬ್ಬಳೇ.

ಅಂದು ಬೆಳಗ್ಗೆ ಎರಡು ವರ್ಷದ ನನ್ನ ಮಗಳು ಅವರ ಮೇಜಿನ ಪಕ್ಕ ಮುಖ ಕಿವುಚಿಕೊಂಡು ನಿಂತಿದ್ದಳು. ಕೈಯಲ್ಲಿ ಖಾಲಿ ಮುಚ್ಚಳ. ವಾರದಿಂದ ಅವಳಿಗೆ ಅಂಥದ್ದೇ ಮುಚ್ಚಳದಲ್ಲಿ ಔಷಧಿ ಕುಡಿಸುತ್ತಿದ್ದವಳು ನಾನು. ಮುಚ್ಚಳ ಕಸಿದುಕೊಂಡು ಮೂಸಿದೆ. ಅವಳಿಂದ ಅಂಟಿದ ನೆಗಡಿಗೆ ನನ್ನ ಮೂಗು ಕಟ್ಟಿತ್ತು, ವಾಸನೆ ತಿಳಿಯಲಿಲ್ಲ.

"ಇದಕ್ಕೇನು ಸುರಿದಿಟ್ಟಿದ್ರಿ ಮಾವ?"

"ಸೋಪಿನ ನೀರು ಕಣಮ್ಮ. ಏನೂ ಆಗಲ್ಲ." ನನ್ನ ಮುಖ ನೋಡಲಿಲ್ಲ.

ಅತ್ತೆ ಉಪ್ಪುನೀರಿನ ಲೋಟ ಹಿಡಿದು ಓಡಿಬಂದರು. "ಕುಡಿಸು, ಎಲ್ಲ ವಾಂತಿ ಆಗ್ಲಿ!"

ಲೋಟ ಕಿತ್ತು ಆಚೆಗಿಟ್ಟೆ. ಮಗಳ ಬಾಯಿ ಒರೆಸುತ್ತಲೇ ಆಸ್ಪತ್ರೆಗೆ ಫೋನು ಮಾಡಿ, ಎರಡು ಸೀಸೆಗಳ ವಿಷಯ ಹೇಳಿದೆ.

"ವಾಂತಿ ಮಾಡಿಸ್ಬೇಡಿ, ಏನೂ ಕುಡಿಸ್ಬೇಡಿ" ಎಂದರು ಡಾಕ್ಟರು. "ಪೆಟ್ರೋಲಾಗಿದ್ರೆ ವಾಪಸ್ ಬರುವಾಗ ಶ್ವಾಸಕೋಶಕ್ಕೆ ಇಳಿಯುತ್ತೆ. ಸರಿಯಾಗಿ ಹೇಳಿ, ಕುಡಿದಿದ್ದೇನು? ಸೋಪಿನ ನೀರಾದ್ರೆ ಮನೇಲೇ ನೋಡ್ಕೋಬಹುದು. ಪೆಟ್ರೋಲಾದ್ರೆ ಈಗಲೇ ಹೊರಡಿ."

ಮಗಳನ್ನು ಮಾವನ ತೋಳಿಗೆ ಕೊಟ್ಟೆ. ಫೋನನ್ನು ಅವರ ಕಿವಿಗೆ ಹಿಡಿದೆ.

"ಇವಳು ಇಲ್ಲೇ ಇರ್ಲಾ, ಹೊರಡ್ಲಾ? ನೀವೇ ಹೇಳಿ. ಜಗಳ ಆಮೇಲೆ ಆಡೋಣ."

ಮೊಮ್ಮಗಳು ಅವರ ಹೆಗಲಿಗೆ ತಲೆಯಿಟ್ಟಳು. ಗಡಿಯಾರದ ಕೂದಲೆಳೆಯಂಥ ಮುಳ್ಳನ್ನೂ ಅಲುಗದೆ ಹಿಡಿಯುವ ಆ ಕೈ ಅವಳ ಬೆನ್ನನ್ನು ಅವಚಿಕೊಂಡಿತು.

"ಪೆಟ್ರೋಲು ಡಾಕ್ಟ್ರೇ. ಅರ್ಧ ಮುಚ್ಚಳ. ಹತ್ತು ನಿಮಿಷ ಆಯ್ತು. ನಾನು ಸುಳ್ಳು ಹೇಳ್ದೆ."

ಸೀಸೆಯನ್ನೂ ಎತ್ತಿಕೊಂಡು ಹೊರಟೆವು. ದಾರಿಯಲ್ಲೇ ಕೆಮ್ಮು ಶುರುವಾಯಿತು, ಉಸಿರು ಏದುಸಿರಾಯಿತು. ವಾರ್ಡಿನ ಬಾಗಿಲಲ್ಲಿ ನರ್ಸು ಆಮ್ಲಜನಕ ಸಿದ್ಧವಿಟ್ಟುಕೊಂಡು ನಿಂತಿದ್ದಳು.

ಮಾರನೆಯ ಮಧ್ಯಾಹ್ನ ಮಗಳ ಉಸಿರು ತಿಳಿಯಾಯಿತು. "ಮನೇಲೇ ಇಟ್ಕೊಂಡಿದ್ರೆ ಕಷ್ಟ ಇತ್ತು" ಎಂದರು ಡಾಕ್ಟರು.

ಮಗಳನ್ನು ಮನೆಗೆ ಕಳಿಸಿದ ದಿನ, ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಬೈಯಲು ಶುರು ಮಾಡಿದೆ. ಮನೆಯ ಬಾಗಿಲವರೆಗೂ ಬೈದೆ, ಅಳುತ್ತಲೇ ಬೈದೆ. ಮಾವ ಮೊಮ್ಮಗಳನ್ನು ಎದೆಗೊತ್ತಿಕೊಂಡು, ನನ್ನ ಒಂದೊಂದು ಮಾತಿಗೂ "ಹೌದಮ್ಮ" ಎನ್ನುತ್ತ ಪಕ್ಕದಲ್ಲೇ ನಡೆದರು.