ಬಣ್ಣ ಹಚ್ಚದ ಒಂದು ಮೊಳ

ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿ ಕೊಂಡ ಹೊಸ ಮನೆಯ ಮುಂಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಎದುರು ಗೋಡೆಯ ಮೇಲಿನ ಆ ಚೌಕ. ಒಂದು ಮೊಳ ಉದ್ದ, ಒಂದು ಮೊಳ ಅಗಲ. ಅಷ್ಟರಲ್ಲಿ ಬಣ್ಣವಿಲ್ಲ, ಜಿಪ್ಸಮ್ ಹಲಗೆಯ ಬೂದು ಮೈ ಮಾತ್ರ. ಸುತ್ತಲಿನ ಕೆನೆಬಣ್ಣ ಅಂಚಿನವರೆಗೆ ನೇರವಾಗಿ ಬಂದು ನಿಂತಿತ್ತು. ಅದು ಕೈತಪ್ಪಿ ಬಿಟ್ಟದ್ದಲ್ಲ, ಅಳೆದು ಬಿಟ್ಟದ್ದು ಎಂದು ಲ್ಯಾಬಿನಲ್ಲಿ ಕೆಲಸ ಮಾಡುವ ನೇಹಾಳಿಗೆ ನೋಡಿದೊಡನೆ ತಿಳಿದಿತ್ತು.

ಮನೆ ಮಾರಿದ ನವೋಮಿ ಎಂಬ ಯಹೂದಿ ಮುದುಕಿ ಆಸ್ಟಿನ್ ನಗರದಲ್ಲಿರುವ ಮಗಳ ಮನೆಗೆ ಹೊರಡುವ ಮುನ್ನ ಅದರ ಕಥೆ ಹೇಳಿದ್ದಳು. ಜೆರುಸಲೇಮಿನ ದೇವಾಲಯ ಬಿದ್ದಾಗ ಕೆಲವರು ಇನ್ನು ಮಾಂಸ ತಿನ್ನುವುದಿಲ್ಲ, ದ್ರಾಕ್ಷಾರಸ ಕುಡಿಯುವುದಿಲ್ಲ ಎಂದು ಹಟ ಹಿಡಿದರಂತೆ. ಅವೆರಡೂ ಅಲ್ಲಿ ದೇವರಿಗೆ ಸಲ್ಲುತ್ತಿದ್ದವಲ್ಲ! ರೊಟ್ಟಿಯೂ ಸಲ್ಲುತ್ತಿತ್ತು, ನೀರೂ ಸಲ್ಲುತ್ತಿತ್ತು, ಅವನ್ನೂ ಬಿಡುತ್ತೀರಾ ಎಂದು ಒಬ್ಬ ಗುರು ಕೇಳಿದನಂತೆ. ಕೊನೆಗೆ ಅವನೇ ದಾರಿ ತೋರಿಸಿದನಂತೆ. ಅಳದೇ ಇರುವುದು ಆಗದ ಮಾತು, ಅತಿಯಾಗಿ ಅಳುವುದೂ ಆಗದ ಮಾತು. ಮನೆಗೆ ಗಿಲಾವು ಮಾಡಿ, ಆ ನೆನಪಿಗೆ ಸ್ವಲ್ಪ ಜಾಗ ಮಾತ್ರ ಹಾಗೇ ಬಿಡಿ ಎಂದನಂತೆ.

"ನೀವು ಬೇಕಾದರೆ ಬಣ್ಣ ಹಚ್ಚಿಕೊಳ್ಳಿ, ಇನ್ನು ಇದು ನಿಮ್ಮ ಮನೆ," ಎಂದು ನವೋಮಿ ನಕ್ಕಿದ್ದಳು. ನೇಹಾಳಿಗೆ ನಗು ಬರಲಿಲ್ಲ. ಅವಳಿಗೆ ಬೇರೊಂದು ಮನೆ ನೆನಪಾಗಿತ್ತು.

ಹಾರ್ವಿ ಚಂಡಮಾರುತದಲ್ಲಿ ಹ್ಯೂಸ್ಟನ್‌ನ ಅವರ ಮೊದಲ ಮನೆಗೆ ಎದೆಮಟ್ಟ ನೀರು ನುಗ್ಗಿತ್ತು. ನೀರಿಳಿದ ಮೇಲೆ ಗಂಡ ಅಮರ್ ಒದ್ದೆ ಗೋಡೆಗಳನ್ನು ತಾನೇ ಕಿತ್ತು ಬೀದಿಗೆ ಹಾಕಿದ, ಮನೆಯನ್ನು ಬಂದ ಬೆಲೆಗೆ ಮಾರಿದ. ಅಂದಿನಿಂದ ಅದರ ಮಾತು ಎತ್ತಿದವನಲ್ಲ. ಅವಳು ಎತ್ತಿದರೆ ಎದ್ದು ಹೋಗುತ್ತಾನೆ. ಆ ಮನೆಯಲ್ಲಿ ಪಾತ್ರೆ ತೊಳೆಯುತ್ತ ಸಿಳ್ಳೆ ಹಾಕುತ್ತಿದ್ದವನು ಆಮೇಲಿನ ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ಹಾಕಲೇ ಇಲ್ಲ. ತನಗೆ ಆ ಮನೆ ಬೇಕಿತ್ತೋ ಆ ಗಂಡ ಬೇಕಿದ್ದನೋ, ನೇಹಾಳಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಅಮರ್ ಬಣ್ಣದ ಡಬ್ಬಿ, ರೋಲರ್ ತಂದು ಗೋಡೆಯ ಬುಡಕ್ಕಿಟ್ಟ.

"ನಾಳೆ ಡಲ್ಲಾಸ್ ಮಂದಿನೂ ಬರ್ತಾರ. ಬಾಗ್ಲಾ ತಗದ್ ಕೂಡ್ಲೇ ಇದ ಕಾಣಬೇಕೇನ? ಪೇಂಟಿಗೆ ರೊಕ್ಕ ಸಾಲಲಿಲ್ಲೇನಪಾ ಅಂತಾರ."

"ಅನ್ಲಿ ಬಿಡ್ರಿ."

"ಅವರ ಗುಡಿ ಬಿತ್ತು, ಅವರು ಬಿಟ್ರು. ನಮ್ಮದೇನ್ ಬಿದ್ದೈತಿ?"

ನೇಹಾ ಡಬ್ಬಿಯನ್ನು ಕಾಲಿನಿಂದ ಬದಿಗೆ ಸರಿಸಿದಳು. ಧಾರವಾಡದಿಂದ ಬಂದಿದ್ದ ಅತ್ತೆ ಗುರವ್ವ ಸೋಫಾದ ಮೇಲೆ ವೀಳ್ಯದೆಲೆ ಒರೆಸುತ್ತ ಕೂತಿದ್ದಳು.

"ಯಾಕ್ ಗುದ್ದಾಡ್ತೀರಿ? ಇಷ್ಟ್ ದೊಡ್ಡ್ ಮನಿಗೆ ಒಂದ್ ದೃಷ್ಟಿಬೊಟ್ಟು ಬ್ಯಾಡೇನು? ಕೂಸಿನ ಗಲ್ಲಕ್ಕ ಹಚ್ಚೂದಿಲ್ಲೇನು? ಇರ್ಲಿ ಬಿಡೋ, ಹುಚ್ಚಪ್ಪ!"

ಅಮರ್‌ನ ಮುಖ ಸಡಿಲವಾಯಿತು. "ಬರೋಬ್ಬರಿ ಹೇಳ್ದಿ ನೋಡವ್ವ. ಯಾರರೆ ಕೇಳಿದ್ರ ದೃಷ್ಟಿಬೊಟ್ಟು ಅಂದ್ರಾತು."

ಚೌಕ ಉಳಿಯಿತು. ನೇಹಾಳಿಗೆ ಸಮಾಧಾನವಾಗಬೇಕಿತ್ತು. ಆದರೆ ನಾಳೆ ಎಲ್ಲರೂ ನಕ್ಕು ತಲೆಯಾಡಿಸುತ್ತಾರೆ. ಮಂದಿಯ ಕಣ್ಣಿಗೆ ಹೆದರಿ ಇಟ್ಟ ಗುರುತು ಎಂದುಕೊಂಡು ಉಣ್ಣಲು ಕೂರುತ್ತಾರೆ. ಆ ಹೆಸರು ಬಣ್ಣಕ್ಕಿಂತ ಚೆನ್ನಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಅವಳು ರೋಲರ್ ಎತ್ತಿ ಅವನ ಮುಂದೆ ಹಿಡಿದಳು. "ಹಂಗಾದ್ರ ಹಚ್ಚಿಬಿಡ್ರಿ."

"ಮತ್ತೇನಾತು ಈಗ?"

"ನನಗ ದೃಷ್ಟಿಬೊಟ್ಟು ಬ್ಯಾಡ. ಅದು ನಮ್ಮ ಹಳೀ ಮನಿ. ಹಂಗ ಅನ್ನೂದಾದ್ರ ಇರ್ಲಿ. ಇಲ್ಲಂದ್ರ ಬ್ಯಾಡ."

ಗುರವ್ವನ ಕೈ ಎಲೆಯ ಮೇಲೆಯೇ ನಿಂತಿತು. ಅಮರ್ ರೋಲರ್ ತೆಗೆದುಕೊಂಡ. ಗೋಡೆಗೆ ಮುಖ ಮಾಡಿ, ಅದರ ಒಣ ಉರುಳೆಯನ್ನು ಹೆಬ್ಬೆರಳಿನಿಂದ ಸುಮ್ಮನೆ ತಿರುಗಿಸುತ್ತ ನಿಂತ. ಎಂದಿನಂತೆ ಇನ್ನೇನು ಹೊರಗೆ ಹೋಗುತ್ತಾನೆ ಎಂದು ಅವಳು ಕಾದಳು.

"ಅದಕ್ಕ ನೀಲಿ ಬಣ್ಣ ಹಚ್ಚ್ಯಾರ," ಎಂದ, ಗೋಡೆಗೆ ಹೇಳುವವನಂತೆ.

"ಯಾವುದಕ್ಕ?"

"ನಮ್ಮ ಮನಿಗೆ. ಆಫೀಸಿಂದ ಬರ್ತಾ ಒಮ್ಮೊಮ್ಮೆ ಆ ಕಡೆ ಡ್ರೈವ್ ಮಾಡ್ತೀನಿ. ಐ-ಟೆನ್ ಹೈವೇ ಜಾಮ್ ಆಗಿತ್ತು ಅಂತ ನಿನಗ ಸುಳ್ಳ್ ಹೇಳ್ತಿದ್ದೆ."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಅವನು ಕಾರಿನಲ್ಲಿ, ತಾನು ಮನಸ್ಸಿನಲ್ಲಿ, ಇಬ್ಬರೂ ಒಂದೇ ಮನೆಗೆ ಬೇರೆ ಬೇರೆಯಾಗಿ ಹೋಗಿಬರುತ್ತಿದ್ದರಲ್ಲ ಎನಿಸಿತು.

"ಹಿತ್ತಲದಾಗಿನ ಪೀಕ್ಯಾನ್ ಮರ?"

"ಐತಿ. ಬೀದಿಯಿಂದ ತುದಿ ಅಷ್ಟ ಕಾಣತೈತಿ." ಅಮರ್ ರೋಲರ್ ಕೆಳಗಿಟ್ಟು ಗೋಡೆಗೊರಗಿ ನೆಲದ ಮೇಲೆ ಕೂತ.

ನೇಹಾ ಅವನ ಪಕ್ಕದಲ್ಲಿ ಕೂತಳು.

"ನೀಲಿ ಅಂದ್ರ," ಎಂದು ಕೇಳಿದಳು, "ಎಂಥಾ ನೀಲಿ?"