ಓದಿ ಹೇಳಿದ ವರದಿ

“ಮೊದಲ ಓದಿ ಹೇಳ್ರಿ ಬಾಯಾರ. ಓದಿ ಹೇಳದ ಹೊರ್ತು ನಾ ಹೆಬ್ಬಟ್ಟು ಒತ್ತಂಗಿಲ್ಲ,” ಎಂದಳು ಸಾವಂತ್ರೆವ್ವ.

ಕಚೇರಿಯಿಂದ ಬಂದಿದ್ದ ಶುಭಾ ತಾನು ಮುಂದಿಟ್ಟಿದ್ದ ಕಾಗದವನ್ನು ಮತ್ತೆ ಕೈಗೆತ್ತಿಕೊಂಡಳು. ಕೇಂದ್ರದ ಯುವ ಸೇವಾ ಯೋಜನೆಯಲ್ಲಿ ಒಂದು ವರ್ಷಕ್ಕೆಂದು ಬಂದ ಸೇವಾರ್ಥಿ ನಡುವೆಯೇ ಹೋದರೆ, ಅವರನ್ನು ಇಟ್ಟುಕೊಂಡಿದ್ದ ಜಾಗದವರು ತುಂಬಿ ಕೊಡಬೇಕಾದ ಅರ್ಜಿ ಅದು. ಹೋದ ಕಾರಣಕ್ಕೆ ನಾಲ್ಕು ಚೌಕಗಳಿದ್ದವು: ಉದ್ಯೋಗ, ಮದುವೆ, ವಿದ್ಯಾಭ್ಯಾಸ, ಇತರೆ. ಇಲ್ಲಿಗೆ ಬಂದಿದ್ದ ಸೇವಾರ್ಥಿ ಗೀತಾಂಜಲಿ ಸತ್ತು ಹನ್ನೆರಡು ದಿನವಾಗಿತ್ತು. ಶುಭಾ ‘ಇತರೆ’ಗೆ ಗುರುತು ಹಾಕಿದ್ದಳು. ಹಾಕುವಾಗ ತನ್ನ ಕೈಯನ್ನು ಕಂಡು ತನಗೇ ಹೇಸಿಗೆಯಾಗಿತ್ತು.

ಬಂದರು ಊರಿನ ಮಂಗೋರ್ ಹಿಲ್‌ನ ಏರಿನಲ್ಲಿ, ತಗಡಿನ ಮಾಡಿನ ಒಂದೇ ಕೋಣೆಯ ಬಾಲವಾಡಿ. ಗಾರೆ ಕೆಲಸಕ್ಕೂ ಬಂದರಿಗೂ ಹೋಗುವವರ ಇಪ್ಪತ್ತಾರು ಮಕ್ಕಳನ್ನು ಸಾವಂತ್ರೆವ್ವ ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುತ್ತಾಳೆ. ಈಗ ಊಟ ಮುಗಿಸಿ ಎಲ್ಲವೂ ಅಡ್ಡಾದಿಡ್ಡಿ ಮಲಗಿದ್ದವು. ಸಿಂದಗಿ ಕಡೆಯಿಂದ ಬಂದು ಮೂವತ್ತು ವರ್ಷ ಇಲ್ಲಿಯ ಕಟ್ಟಡಗಳಿಗೆ ಬುಟ್ಟಿ ಹೊತ್ತವಳು ಅವಳು. ಅಕ್ಷರ ಬಾರದು, ಹಾಗಂತ ಅವಳನ್ನು ಏಮಾರಿಸುವುದು ಸುಲಭವಲ್ಲ. ಒಮ್ಮೆ ಗುತ್ತಿಗೆದಾರನೊಬ್ಬ ಖಾಲಿ ಕಾಗದಕ್ಕೆ ಹೆಬ್ಬಟ್ಟು ಒತ್ತಿಸಿಕೊಂಡು ಟೋಪಿ ಹಾಕಿದ್ದ. ಅಂದಿನಿಂದ ದೇವರೇ ಬಂದು ಕೇಳಿದರೂ ಓದಿಸಿ ಕೇಳದೆ ಅವಳು ಶಾಯಿ ಮುಟ್ಟುವುದಿಲ್ಲ.

ಶುಭಾ ಓದುತ್ತಾ ಹೋದಳು. ಕೊನೆಯ ಸಾಲಿಗೆ ಬಂದಾಗ ಅವಳ ದನಿ ಸಣ್ಣದಾಯಿತು. “ಸೇವಾರ್ಥಿಗೆ ಬೇಕಾದ ನೆರವು ಸಕಾಲಕ್ಕೆ ಸಿಕ್ಕಿದೆ.”

ಸಾವಂತ್ರೆವ್ವ ಶಾಯಿಯ ಡಬ್ಬಿ ಮುಚ್ಚಿದಳು.

“ಇದು ಸುಳ್ಳೈತಿ. ಮೂರು ತಿಂಗಳು ನಿಮಗ ಬರಿಸಿ ಕಳಿಸೇನಿ. ಹುಡುಗಿ ಕೆಮ್ಮಾಕತ್ತಾಳ, ಅನ್ನ ಸೇರವಲ್ದು, ದೊಡ್ಡ ಡಾಕ್ಟರಿಗೆ ತೋರಸ್ರಿ ಅಂತ. ಒಮ್ಮೆರ ಬಂದ್ರೇನು ನೀವು?”

“ಯಾರ ಕಡಿಂದ ಬರಿಸಿದ್ರಿ ಆಯಿ?” ಎಂದು ಕೇಳಿದಳು ಶುಭಾ. ಉತ್ತರ ಅವಳಿಗೆ ಗೊತ್ತಿತ್ತು.

“ಆಕಿ ಕಡಿಂದನ. ಇಲ್ಲಿ ಅಕ್ಷರ ಬಲ್ಲಾಕಿ ಮತ್ಯಾರದಾರ? ನನ್ನ ವರದಿ ನಾನ ಹೆಂಗ ಬರೀಲಿ ಆಯಿ ಅಂತ ನಗತಿದ್ಲು. ನಾ ಹೇಳೂದು, ಆಕಿ ಬರಿಯೂದು. ಬರದಾದ ಮ್ಯಾಲ ಪೂರಾ ಓದಿ ಹೇಳತಿದ್ಲು. ಕೆಮ್ಮು ಅಂದ್ರ ಕೆಮ್ಮು, ಜ್ವರ ಅಂದ್ರ ಜ್ವರ. ಒಂದು ಮಾತು ಬಿಡತಿದ್ದಿಲ್ಲ.”

ಆ ಮೂರು ವರದಿಗಳು ಶುಭಾಳ ಚೀಲದಲ್ಲೇ ಇದ್ದವು. ತೆಗೆದು ನೋಡಬೇಕಾಗಿರಲಿಲ್ಲ, ಹನ್ನೆರಡು ದಿನಗಳಲ್ಲಿ ಬಾಯಿಪಾಠವಾಗಿದ್ದವು. ಮೂರರಲ್ಲೂ ಗುಂಡಗಿನ ಅಕ್ಷರದಲ್ಲಿ ಅದೇ ಎರಡು ಸಾಲು: ‘ಎಲ್ಲಾ ಚಲೋ ಇದೆ. ಯಾವ ನೆರವೂ ಬೇಕಾಗಿಲ್ಲ.’ ಕೆಳಗೆ ಸಾವಂತ್ರೆವ್ವನ ಹೆಬ್ಬಟ್ಟು.

ದಾಬೋಲಿಮ್‌ನ ಕಚೇರಿಯಲ್ಲಿ ಕೂತು ಹನ್ನೊಂದು ಜಾಗಗಳನ್ನು ನೋಡಿಕೊಳ್ಳುವವಳು ಶುಭಾ ಒಬ್ಬಳೇ. ದೂರು ಬಂದ ಕಡೆ ಓಡುತ್ತಿದ್ದಳು, ಎಲ್ಲಾ ಚಲೋ ಇದ್ದ ಕಡೆಗೆ ಮುಂದಿನ ತಿಂಗಳು ಎನ್ನುತ್ತಿದ್ದಳು. ವರದಿಯ ಅಕ್ಷರ ಹುಡುಗಿಯದೇ ಎಂಬುದು ಮೊದಲ ತಿಂಗಳೇ ಕಣ್ಣಿಗೆ ಬಿದ್ದಿತ್ತು. ನಕ್ಕು ಸುಮ್ಮನಾಗಿದ್ದಳು.

ಇನ್ನೂ ಒಂದು ನೆನಪಿತ್ತು. ತರಬೇತಿಯ ದಿನ ಅವಳೇ ಹೇಳಿದ್ದಳು, ಸೇವಾರ್ಥಿ ನಡುವೆ ಬಿಟ್ಟರೆ ಆ ವರ್ಷ ಆ ಜಾಗಕ್ಕೆ ಇನ್ನೊಬ್ಬರನ್ನು ಕೊಡುವುದಿಲ್ಲ ಎಂದು. ಎರಡನೆಯ ಸಾಲಿನಲ್ಲಿ ಕೂತಿದ್ದ ಬಾದಾಮಿಯ ಹುಡುಗಿ ಗೀತಾಂಜಲಿ ಎದ್ದು ನಿಂತು ಕೇಳಿದ್ದಳು, “ಆರಾಮ ಇರದಿದ್ರೂ ಕೊಡೂದಿಲ್ಲೇನ್ರಿ ಮೇಡಮ್?” ನಿಯಮ ಅಂದರೆ ನಿಯಮ ಎಂದಿದ್ದಳು ಶುಭಾ. ಇಪ್ಪತ್ತಾರು ಮಕ್ಕಳನ್ನು ಮುದುಕಿಯೊಬ್ಬಳ ಮೇಲೆ ಬಿಟ್ಟು ಹೋಗಲು ಆ ಹುಡುಗಿಗೆ ಮನಸ್ಸಾಗಿರಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎರಡೂ ಶ್ವಾಸಕೋಶ ಹೋಗಿದ್ದವು, ಒಂಬತ್ತೇ ದಿನ ಬದುಕಿದಳು.

“ನಾನ ಕೈ ಹಿಡಿದು ದವಾಖಾನಿಗೆ ಎಳಕೊಂಡು ಹೋಗಬೇಕಾಗಿತ್ತು,” ಎಂದಳು ಸಾವಂತ್ರೆವ್ವ. “ಬರದೀವಲ್ಲ ಆಯಿ, ಆಫೀಸಿನವ್ರು ಬರ್ತಾರ ತಡೀರಿ ಅಂತಿದ್ಲು. ನಿಮ್ಮನ್ನ ನಂಬಿ ತಡದೆ.”

ಶುಭಾಳ ಕೈ ಚೀಲದೊಳಗೆ ಹೋಯಿತು. ಕಾಗದಗಳನ್ನು ತೆಗೆದು ಇದ್ದದ್ದನ್ನು ಇದ್ದ ಹಾಗೆ ಓದಿದರೆ ಸಾಕು, ಕಚೇರಿಯ ತಪ್ಪು ಅರ್ಧ ಇಳಿಯುತ್ತಿತ್ತು. ಕಾಗದಗಳು ಹೊರಗೆ ಬಂದವು.

ಮುದುಕಿಯ ಕಣ್ಣು ಹೆಬ್ಬಟ್ಟಿನ ಮೇಲೆ ಬಿತ್ತು. ಇಟ್ಟಿಗೆ ಬಿದ್ದು ಸೀಳಿದ ಗಾಯದ ಗೆರೆ ಅದರ ನಡುವೆ ಬೆಳ್ಳಗೆ ಉಳಿದಿತ್ತು. “ನಂದ ಅಲ್ಲೇನಿದು? ಆಕಿ ಬರದದ್ದು? ಓದ್ರಿ. ಆಕಿ ಓದಿದಂಗ ಓದ್ರಿ.”

ಶುಭಾ ಕಾಗದ ನೋಡಿದಳು. ಮುದುಕಿಯ ಮುಖವನ್ನೂ ನೋಡಿದಳು. ಈ ಹೆಬ್ಬಟ್ಟಿನಿಂದಲೇ ಹುಡುಗಿ ಸತ್ತಳು ಎಂದು ಇವಳಿಗೆ ಹೇಗೆ ಹೇಳುವುದು?

“ಹುಡುಗಿ ಕೆಮ್ಮಾಕತ್ತಾಳ,” ಎಂದು ಓದಿದಳು. “ಅನ್ನ ಸೇರವಲ್ದು. ದೊಡ್ಡ ಡಾಕ್ಟರಿಗೆ ತೋರಸ್ರಿ.”

“ಹಾಂ. ಹಿಂಗ ಓದತಿದ್ಲು.” ಸಾವಂತ್ರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಮತ್ತ ನೀವ್ಯಾಕ ಬರಲಿಲ್ಲ?”

“ಓದಿದ್ದೆ ಆಯಿ. ಬರಲಿಲ್ಲ. ನನ್ನ ತಪ್ಪು.”

ಶುಭಾ ಅರ್ಜಿಯ ಕೊನೆಯ ಸಾಲಿನಲ್ಲಿ ‘ಸಿಕ್ಕಿದೆ’ ಎಂಬುದನ್ನು ಹೊಡೆದು ‘ಸಿಕ್ಕಿಲ್ಲ’ ಎಂದು ಬರೆದಳು, ಓದಿ ಹೇಳಿದಳು. ಸಾವಂತ್ರೆವ್ವ ಡಬ್ಬಿ ತೆರೆದು ಹೆಬ್ಬಟ್ಟು ಒತ್ತಿದಳು. ಒತ್ತಿದ ಮೇಲೂ ಹಳೆಯ ವರದಿಯನ್ನು ಬಿಡಲಿಲ್ಲ.

“ಕೆಮ್ಮು ಅಂತ ಎಲ್ಲಿ ಬರದಾಳ, ತೋರಸ್ರಿ.”

ಶುಭಾ ‘ಚಲೋ’ ಎಂದಿದ್ದಲ್ಲಿ ಬೆರಳಿಟ್ಟಳು.

ಸಾವಂತ್ರೆವ್ವ ಬಗ್ಗಿದಳು. ಶಾಯಿ ತಾಗಬಾರದೆಂದು ಹೆಬ್ಬೆರಳನ್ನು ಒಳಕ್ಕೆ ಮಡಚಿ, ಉಳಿದ ಬೆರಳುಗಳಿಂದ ಆ ಎರಡು ಅಕ್ಷರಗಳನ್ನು ಮೆಲ್ಲಗೆ ಸವರಿದಳು.