ಗಂಗವ್ವ ಹತ್ತಿದ ದಂಡೆ

“ಏ ಬೋಳಿಮಗನ, ದೂರ ಸರದ ನಿಂದ್ರಲೇ! ನಿನ್ನ ನೆಳ್ಳ ಗಂಗವ್ವನ ಉಡಿ ಮ್ಯಾಲ ಬೀಳಾಕತ್ತೈತಿ!”

ಶಶಿಕಾಂತ ಸಾಹುಕಾರರು ಒದರಿದರು. ಕೇರಿಯ ಹೊಳಿಯಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಇನ್ನು ಗಳಿಗೆ ಹೊತ್ತಿಗೆ ಅದೇ ಉಡಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಅವನೇ ಹೊಳೆಗೆ ಇಳಿಯಬೇಕು. ಆಗ ನೆರಳಿನ ಮಾತು ಯಾರೂ ಎತ್ತುವುದಿಲ್ಲ. ತುಂಬಿದ ಹೊಳೆಯಲ್ಲಿ ಈಜಬಲ್ಲ ಮಡಿವಂತರು ಆ ಊರಲ್ಲಿ ಇನ್ನೂ ಹುಟ್ಟಿಲ್ಲ.

ಶ್ರಾವಣದಲ್ಲಿ ಹೊಳೆ ತುಂಬಿದಾಗ ಸಾಹುಕಾರರ ಮನೆಯಾಕೆ ಗಂಗವ್ವನಿಗೆ ಉಡಿ ತುಂಬುವುದು ಅಲ್ಲಿಯ ಪದ್ಧತಿ. ಹಸಿರು ಸೀರೆ, ಬಳೆ, ಕೊಬ್ಬರಿ ಇಟ್ಟ ಬಿದಿರಬುಟ್ಟಿಯನ್ನು ನಡುಹೊಳೆಯಲ್ಲಿ ತೇಲಿಬಿಡಬೇಕು. ಬುಟ್ಟಿ ಯಾವ ದಂಡೆಗೆ ಹತ್ತುತ್ತದೋ ಅಲ್ಲಿ ಗಂಗವ್ವ ಕಾಲಿಟ್ಟಳೆಂದು ಅರ್ಥ. ಉಪವಾಸವಿದ್ದ ಊರು ಅಲ್ಲಿಯೇ ಮೂರು ಬೊಗಸೆ ನೀರು ಕುಡಿದು, ಆಮೇಲೆ ಹೋಳಿಗೆಗೆ ಕೂರಬೇಕು. ಮೂವತ್ತು ವರ್ಷದಿಂದ ಗಂಗವ್ವ ತಪ್ಪದೆ ಸಾಹುಕಾರರ ಕಲ್ಲುಮೆಟ್ಟಿಲ ಪಾವಟಿಗೆಗೇ ಬರುತ್ತಿದ್ದಳು. ನೀರೊಳಗಿಂದ ಬುಟ್ಟಿಯನ್ನು ಅತ್ತ ನೂಕುತ್ತಿದ್ದವನು ಹೊಳಿಯಪ್ಪ. ಇದು ಸಾಹುಕಾರರಿಗೂ ಗೊತ್ತು, ಭಟ್ಟರಿಗೂ ಗೊತ್ತು. ಗಂಗವ್ವನಿಗೂ ಗೊತ್ತಿದ್ದಿರಬೇಕು, ಪಾಪ.

ಕೇರಿಯವರ ಪಾಲಿಗಿದ್ದದ್ದು ಕೆಳಗಿನ ದಂಡೆ. ಊರ ಗಟಾರ ಹೊಳೆಗೆ ಬೀಳುವುದು ಅಲ್ಲಿಯೇ. ಕೇರಿಯ ನಳ ಕೆಟ್ಟು ತಿಂಗಳಾಗಿತ್ತು. ಆ ಹೊಲಸು ನೀರು ಕುಡಿದ ಹೊಳಿಯಪ್ಪನ ಮೊಮ್ಮಗಳು ದುರ್ಗಾ ವಾಂತಿಭೇದಿಯಾಗಿ ಮೂರು ದಿನದಿಂದ ರೋಣದ ದವಾಖಾನೆಯಲ್ಲಿ ಮಲಗಿದ್ದಳು. ನಿನ್ನೆ ಅವನ ಹೆಂಡತಿ ಮಾನವ್ವ ಒಂದು ಕೊಡ ಒಳ್ಳೆಯ ನೀರಿಗೆಂದು ಪಾವಟಿಗೆ ಇಳಿದದ್ದಕ್ಕೆ ಸಾಹುಕಾರರು ಕೊಡವನ್ನು ಒದ್ದು ಉರುಳಿಸಿದ್ದರು.

“ಮ್ಯಾಲಿಂದೂ ಗಂಗಿನ, ಕೆಳಗಿಂದೂ ಗಂಗಿನ. ಅಲ್ಲೇ ತುಂಬಕೊಂಡ ಸಾಯಿ, ರಂಡಿ!”

ಜಾಗಟೆ ಮೊಳಗಿತು. ದಂಡೆಯ ತುಂಬ ಮೊಬೈಲುಗಳು ಮೇಲೆದ್ದವು. ಹೊಳಿಯಪ್ಪ ಬುಟ್ಟಿ ಹೊತ್ತು ಸೆಳವಿಗೆ ಇಳಿದ, ನಡುಹೊಳೆಯಲ್ಲಿ ಅದನ್ನು ತೇಲಿಬಿಟ್ಟ. ಈ ವರ್ಷ ನೂಕಲಿಲ್ಲ. ಇಷ್ಟು ವರ್ಷ ನೂಕಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು.

“ಹೋಗವ್ವಾ, ನಿನ್ನ ಮನಸ ಬಂದಲ್ಲೆ ಹೋಗ,” ಎಂದ.

ಬುಟ್ಟಿ ಪಾವಟಿಗೆಯನ್ನು ದಾಟಿತು. “ಲೇ, ಹಿಡೀಲೇ!” ಎಂದು ಸಾಹುಕಾರರು ದಂಡೆಯ ಉದ್ದಕ್ಕೂ ಓಡಿದರು. ಗಂಗವ್ವ ನಿಲ್ಲಲಿಲ್ಲ. ನೆಟ್ಟಗೆ ಹೋಗಿ ಗಟಾರದ ಬಾಯಲ್ಲಿ, ಪ್ಲಾಸ್ಟಿಕ್ ಚೀಲಗಳ ನಡುವೆ ಹತ್ತಿ ಕೂತಳು.

ಭಟ್ಟರು ಮೈಕು ಬಂದ್ ಮಾಡಿದರು. ಊರವರು ಮೂಗು ಮುಚ್ಚಿಕೊಂಡು ಇಳಿದು ಬಂದು ಒಬ್ಬರ ಮುಖ ಒಬ್ಬರು ನೋಡಿದರು. ಸಾಹುಕಾರರ ಹೆಂಡತಿ ರಾಜೇಶ್ವರಿ ಮಾತ್ರ ಖರೇ ಭಕ್ತಿಯವಳು. ಸೆರಗು ಹೊದ್ದು ಕೂತು, ಕರಿನೀರನ್ನು ಬೊಗಸೆಯಲ್ಲಿ ತುಂಬಿ ಬಾಯಿಗೆ ತಂದಳು.

ಸಾಹುಕಾರರು ಹಾರಿಬಂದು ಅವಳ ಕೈ ಹಿಡಿದರು.

“ಏ, ಕುಡೀಬ್ಯಾಡ! ಸತ್ತ ಹೋಗ್ತಿ!”

ಮೈಯಿಂದ ನೀರು ಸುರಿಸುತ್ತ ಹೊಳಿಯಪ್ಪ ಮೇಲೆ ಬಂದ.

“ಹಂಗಾರ ಗೊತ್ತಿತ್ತೇನ್ರಿ ನಿಮಗ?”

ಕೆಳಗಿನ ದಂಡೆಯಲ್ಲಿ ನಿಂತಿದ್ದ ಮಾನವ್ವ ಉತ್ತರಕ್ಕೆ ಕಾಯಲಿಲ್ಲ. ಕೊಡವನ್ನು ಸೊಂಟಕ್ಕೇರಿಸಿ ಸಾಹುಕಾರರ ಪಾವಟಿಗೆಯತ್ತ ನಡೆದಳು. ಈ ಸಲ ಅಲ್ಲಿ ಅಡ್ಡ ಬರಲು ಯಾರೂ ಇರಲಿಲ್ಲ. ಊರೆಲ್ಲ ಗಟಾರದ ಬಾಯಲ್ಲಿ ನಿಂತಿತ್ತು.